ಎಂಬತ್ತು ಕಿಲೋಮೀಟರ್ ಆಚೆಯ ಅಕ್ಕ

ಕಳೆದ ವರ್ಷ ಜುಲೈನಲ್ಲಿ ಎಸ್ಟೋನಿಯಾದ ತಾರ್ತು ನಗರಕ್ಕೆ ಹೋಗಿದ್ದೆ. ನನ್ನ ಸಂಶೋಧನೆಗಾಗಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಕೆಲವು ಕಡತಗಳನ್ನು ನೋಡುವುದಿತ್ತು. ಉಳಿದುಕೊಂಡದ್ದು ಗೆಳತಿಯೊಬ್ಬಳ ಮನೆಯಲ್ಲಿ. ಒಂದು ಭಾನುವಾರ ಅವಳು ಹಳ್ಳಿಯಲ್ಲಿರುವ ತನ್ನ ಅಜ್ಜಿಯ ಮನೆಗೆ ಕರೆದೊಯ್ದಳು. ತೊಂಬತ್ತು ದಾಟಿದ ಅಜ್ಜಿ ಕಾಫಿ ಬಗ್ಗಿಸಿಕೊಡುತ್ತಾ ಮೊದಲು ಕೇಳಿದ್ದು, "ಎಷ್ಟು ದಿನಕ್ಕೆ ಅನುಮತಿ ಕೊಟ್ಟಿದ್ದಾರೆ?"

ವೀಸಾ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು ಲೆಕ್ಕ ಹೇಳಿದೆ. ಗೆಳತಿ ನಕ್ಕಳು. "ಮನೆಗೆ ಯಾರು ಬಂದರೂ ಅಜ್ಜಿ ಇದನ್ನೇ ಕೇಳುವುದು. ಪಕ್ಕದ ಊರಿನವರನ್ನೂ ಬಿಡುವುದಿಲ್ಲ" ಎಂದಳು. ನಮ್ಮಲ್ಲಿ ನೆಂಟರು ಬಂದರೆ "ಇನ್ನೆರಡು ದಿನ ಇದ್ದು ಹೋಗಿ" ಅನ್ನುತ್ತೇವೆ. ಇವರ ಪ್ರಶ್ನೆ ಎಲ್ಲಿಂದ ಬಂತು ಎಂದು ತಿಳಿಯಲು 1944ಕ್ಕೆ ಹೋಗಬೇಕು.

ಆ ವರ್ಷದ ಶರತ್ಕಾಲದಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟಿ, ಸೋವಿಯತ್ ಸೇನೆ ಮತ್ತೆ ಎಸ್ಟೋನಿಯಾದೊಳಗೆ ಬಂತು. 1940–41ರ ಮೊದಲ ಸೋವಿಯತ್ ಆಳ್ವಿಕೆಯನ್ನೂ 1941ರ ಜೂನ್‌ನ ಗಡೀಪಾರನ್ನೂ ಕಂಡಿದ್ದ ಜನ ಸಿಕ್ಕ ದೋಣಿ ಹತ್ತಿದರು. ಸುಮಾರು ಹತ್ತು ಲಕ್ಷ ಜನಸಂಖ್ಯೆಯ ನಾಡಿನಿಂದ 70,000ಕ್ಕೂ ಹೆಚ್ಚು ಮಂದಿ ಸ್ವೀಡನ್ನಿಗೂ ಜರ್ಮನಿಗೂ ಹೊರಟುಹೋದರು. ಅಜ್ಜಿಯ ಅಕ್ಕ ಅವರಲ್ಲೊಬ್ಬಳು. ಆಗ ಹದಿನೆಂಟು ವರ್ಷ. ಅಮ್ಮನಿಗೆ ಕಾಯಿಲೆ, ತಂಗಿಗೆ ಹನ್ನೆರಡು. ಅವರಿಬ್ಬರೂ ಉಳಿದರು.

ಉಳಿದವರ ಪಾಡು 1949ರ ಮಾರ್ಚ್ 25ರಂದು ಗೊತ್ತಾಯಿತು. ಮೂರೂ ಬಾಲ್ಟಿಕ್ ನಾಡುಗಳಿಂದ ಕೆಲವೇ ದಿನಗಳಲ್ಲಿ ಸುಮಾರು 90,000 ಜನರನ್ನು ರೈಲಿಗೆ ತುಂಬಿ ಸೈಬೀರಿಯಾ ಕಡೆಗೆ ಕಳಿಸಿದರು. ಎಸ್ಟೋನಿಯಾದಿಂದ ಹೋದವರೇ 20,000ಕ್ಕೂ ಹೆಚ್ಚು. ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಸ್ವಲ್ಪ ಜಮೀನಿದ್ದ ಕಾರಣಕ್ಕೆ 'ಕುಲಕ್' ಎಂಬ ಹಣೆಪಟ್ಟಿ ಹೊತ್ತ ತಾಯಿ ಮಗಳೂ ಅದರಲ್ಲಿದ್ದರು. ಸ್ಟಾಲಿನ್ ಸತ್ತ ಮೇಲೆ, 1957ರಲ್ಲಿ ಊರಿಗೆ ಮರಳಿದರು. ಆಮೇಲೆ ಸ್ಟಾಕ್‌ಹೋಮಿನಿಂದ ಅಕ್ಕನ ಪತ್ರ ಬಂತು. ಕಾಗದವನ್ನು ಒಡೆದು ಓದುವ ಕಾಲ. "ಕೆಲವು ವರ್ಷ ಊರಲ್ಲಿರಲಿಲ್ಲ" ಎಂದಷ್ಟೇ ಇವರು ಉತ್ತರ ಬರೆದರು.

ಹೆಲ್ಸಿಂಕಿಗೂ ತಾಲಿನ್‌ಗೂ ನಡುವೆ ಇರುವುದು ಸುಮಾರು 80 ಕಿಲೋಮೀಟರ್ ಸಮುದ್ರ. ಯುದ್ಧದ ನಂತರ ಎರಡು ದಶಕ ಅಲ್ಲಿ ನಿಯಮಿತ ಪ್ರಯಾಣಿಕರ ಹಡಗಿರಲಿಲ್ಲ. 1964ರಲ್ಲಿ ಫಿನ್ಲೆಂಡಿನ ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ಎಸ್ಟೋನಿಯಾಕ್ಕೆ ಭೇಟಿ ಕೊಟ್ಟರು. ಮರುವರ್ಷದ ಬೇಸಿಗೆಯಲ್ಲಿ ಹಡಗು ಮತ್ತೆ ಓಡಲಾರಂಭಿಸಿತು. ಅದಕ್ಕಿಟ್ಟ ಹೆಸರು 'ವಾನೆಮುಯ್ನೆ'. ಎಸ್ಟೋನಿಯನ್ನರ ಐತಿಹ್ಯದಲ್ಲಿ ಹಾಡಿನ ದೇವರು. ಫಿನ್ಲೆಂಡಿನ ಪ್ರವಾಸಿಗಳ ಜೊತೆಗೆ, ದೇಶ ಬಿಟ್ಟ ಎಸ್ಟೋನಿಯನ್ನರೂ ನೆಂಟರನ್ನು ನೋಡಲು ಬರತೊಡಗಿದರು.

ಬರಬೇಕೋ ಬೇಡವೋ ಎಂಬುದೇ ದೇಶಾಂತರ ಹೋದವರಲ್ಲಿ ದೊಡ್ಡ ಜಗಳವಾಗಿತ್ತು. ಅಮೆರಿಕ ಬಾಲ್ಟಿಕ್ ನಾಡುಗಳ ಸೇರ್ಪಡೆಯನ್ನು 1940ರಿಂದಲೂ ಒಪ್ಪಿರಲಿಲ್ಲ. ನ್ಯೂಯಾರ್ಕಿನಲ್ಲಿ ಹಳೆಯ ಎಸ್ಟೋನಿಯಾದ ದೂತ ಕಚೇರಿ ನಡೆಯುತ್ತಲೇ ಇತ್ತು. ಹೀಗಿರುವಾಗ ನಮ್ಮೂರಿಗೆ ಹೋಗಲು ಸೋವಿಯತ್ ವೀಸಾ ಕೇಳಿದರೆ ಆಕ್ರಮಣವನ್ನು ಒಪ್ಪಿದಂತಲ್ಲವೇ ಎಂಬುದು ಒಂದು ಪಕ್ಷದ ವಾದ. ಅದು ಸುಳ್ಳಲ್ಲ. ಆದರೆ ಕಾಯುತ್ತಾ ಕೂತರೆ ಹೆತ್ತವರು ಸಾಯುತ್ತಾರೆ, ಅದೂ ಸುಳ್ಳಲ್ಲ. ಈ ಅಕ್ಕ ಕಾದಳು. 1962ರಲ್ಲಿ ಅಮ್ಮ ತೀರಿಕೊಂಡರು. ಅಕ್ಕ ಬಂದದ್ದು 1974ರ ಬೇಸಿಗೆಯಲ್ಲಿ.

ಅನುಮತಿ ಮೂರು ದಿನಕ್ಕೆ, ಅದೂ ತಾಲಿನ್‌ಗೆ ಮಾತ್ರ. ತಾರ್ತುವಿನ ಪಕ್ಕದಲ್ಲೇ ಸೋವಿಯತ್ ವಾಯುನೆಲೆ ಇದ್ದುದರಿಂದ ವಿದೇಶಿಯರು ಅಲ್ಲಿ ರಾತ್ರಿ ತಂಗುವಂತಿರಲಿಲ್ಲ. ಹಗಲು ಹೋಗಿ ಬರಲು ಹಾಕಿದ ಅರ್ಜಿಗೂ ಒಪ್ಪಿಗೆ ಸಿಗಲಿಲ್ಲ. ಹುಟ್ಟಿದ ಮನೆಯೂ ಅಮ್ಮನ ಸಮಾಧಿಯೂ ಕಾಣದಷ್ಟು ದೂರದಲ್ಲೇ ಉಳಿದವು. ತಂಗಿಯೇ ಸಮಾಧಿಯ ಫೋಟೋ ಹಿಡಿದುಕೊಂಡು ತಾಲಿನ್‌ಗೆ ಹೋದಳು.

ಅಕ್ಕ ಉಳಿದದ್ದು 1972ರಲ್ಲಿ ತೆರೆದ ಹೋಟೆಲ್ ವಿರುವಿನಲ್ಲಿ. ವಿದೇಶಿಯರಿಗೆಂದೇ ಫಿನ್ಲೆಂಡಿನವರಿಂದ ಕಟ್ಟಿಸಿದ ಕಟ್ಟಡ ಅದು. ಲಿಫ್ಟಿನಲ್ಲಿ 22ನೇ ಮಹಡಿಯವರೆಗೆ ಗುಂಡಿಗಳು; 23ನೆಯದರಲ್ಲಿ ಕೆಜಿಬಿಯ ರೇಡಿಯೋ ಕೋಣೆ. ಅದೀಗ ಮ್ಯೂಸಿಯಂ, ನಾನೂ ನೋಡಿಬಂದೆ. ಅಲ್ಲಿನ ಬಾಗಿಲ ಮೇಲೆ 'ಇಲ್ಲಿ ಏನೂ ಇಲ್ಲ' ಎಂದು ಬರೆದಿತ್ತು. ಗೋಡೆಗಳಿಗೆ ಕಿವಿ ಇರುವುದು ಅಂದೇ ಎಲ್ಲರಿಗೂ ಗೊತ್ತು. ಅಕ್ಕತಂಗಿಯರು ಕೋಣೆಯಲ್ಲಿ ಹವಾಮಾನದ ಮಾತಾಡಿದರು. ಮಿಕ್ಕ ಮಾತಿಗೆ ಕಾದ್ರಿಯೋರ್ಗ್ ಉದ್ಯಾನಕ್ಕೆ ನಡೆದರು.

"ಅಲ್ಲಿ ಸೈಬೀರಿಯಾದ ಬಗ್ಗೆ ಹೇಳಿದಿರಾ?" ಎಂದು ಕೇಳಿದೆ. ಗೆಳತಿ ಅನುವಾದಿಸಿದಳು. ಅಜ್ಜಿ ತಲೆಯಾಡಿಸಿದರು.

"ಇರುವುದು ಮೂರು ದಿನ. ಅದನ್ನು ಹಾಳುಮಾಡುವುದಾ? ಅವಳಿಗೆ ಗೊತ್ತಿತ್ತು, ಕೇಳಲಿಲ್ಲ. ನನಗೂ ಅವಳನ್ನು ಯಾಕೆ ಬಿಟ್ಟುಹೋದೆ ಎಂದು ಕೇಳುವುದಿತ್ತು, ಕೇಳಲಿಲ್ಲ." ಅಕ್ಕ ಕಾಫಿ ಡಬ್ಬ, ಉದ್ದ ಕಾಲುಚೀಲ, ಎರಡು ತಲೆವಸ್ತ್ರ ತಂದಿದ್ದಳು. ತಂಗಿ ಮನೆಯಲ್ಲಿ ಸುಟ್ಟ ರೈ ಬ್ರೆಡ್ ಕೊಟ್ಟಳು. ಬಂದರಿನಲ್ಲಿ ಇಬ್ಬರೂ ಅಳಲಿಲ್ಲವಂತೆ.

ನಾನು ಪತ್ರಾಗಾರದಲ್ಲಿ ಹುಡುಕುವುದು ಬರೆದಿಟ್ಟದ್ದನ್ನು: ಅರ್ಜಿ, ಮೊಹರು, ಹೆಸರಿನ ಪಟ್ಟಿ. ಗಡಿಯೊಂದು ಜನರನ್ನು ಬೇರೆ ಮಾಡುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಒಡಹುಟ್ಟಿದವರನ್ನೂ ಅದು ಅತಿಥಿಗಳನ್ನಾಗಿ ಮಾಡುತ್ತದೆ, ಅತಿಥಿಯ ಮುಂದೆ ಮನೆಯ ನೋವು ಹೇಳುವುದಿಲ್ಲ ಎಂಬುದು ಕಾಣುವುದಿಲ್ಲ.

1989ರ ಆಗಸ್ಟ್ 23ರಂದು ತಾಲಿನ್‌ನಿಂದ ರಿಗಾ ಮೂಲಕ ವಿಲ್ನಿಯಸ್‌ವರೆಗೆ 600 ಕಿಲೋಮೀಟರಿಗೂ ಉದ್ದದ ಮಾನವ ಸರಪಳಿ ನಿಂತಾಗ ಅಜ್ಜಿ ಅದರಲ್ಲಿದ್ದರು. 1991ರ ಆಗಸ್ಟ್‌ನಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು. ಮರುವರ್ಷ ಬೇಸಿಗೆಯಲ್ಲಿ ಅಕ್ಕ ಹಳ್ಳಿಯ ಮನೆಗೇ ಬಂದಳು. ಮೂರನೇ ದಿನ ಸಂಜೆ, ಯಾರೂ ಹೇಳದಿದ್ದರೂ, ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳಂತೆ. ತಂಗಿ ಅದನ್ನು ತೆಗೆದು ಕಪಾಟಿಗೆ ಇಟ್ಟಳು. ನಾಲ್ಕನೇ ದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ, ಸೈಬೀರಿಯಾದ ಮಾತು ಶುರುವಾಯಿತು. ಅಂದು ಊಟ ತಡವಾಯಿತು ಎಂದರು ಅಜ್ಜಿ.

ಹೊರಡುವಾಗ ನನ್ನನ್ನು ಮತ್ತೊಮ್ಮೆ ಕೇಳಿದರು, ಎಷ್ಟು ದಿನ ಎಂದು. ಈ ಸಲ ಲೆಕ್ಕ ಹೇಳಲಿಲ್ಲ. ಮುಂದಿನ ಭಾನುವಾರವೂ ಬರುತ್ತೇನೆ ಎಂದೆ.