ಒಗ್ಗಿತೇನವ್ವ?

ತೀರ್ಥಹಳ್ಳಿ ಕಡೆಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದ ಮೊದಲ ವಾರ ಬೀದಿಯವರೆಲ್ಲ ನನ್ನನ್ನು ಕೇಳಿದ್ದು ಒಂದೇ ಮಾತು: 'ನೀರು ಒಗ್ಗಿತೇನವ್ವ?' ಊರು ಹೇಗಿದೆ, ಮನೆ ಹಿಡಿಸಿತಾ ಎಂದು ಒಬ್ಬರೂ ಕೇಳಲಿಲ್ಲ. ನೀರನ್ನು ಕೇಳಿದರೆ ಉಳಿದದ್ದೆಲ್ಲ ಕೇಳಿದ ಹಾಗೇ ಅನ್ನುವಂತೆ.

ನೀರು ಒಗ್ಗಿರಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಹೊಯ್ಯುವ ಆಗುಂಬೆಯ ಮಗ್ಗುಲಿನಿಂದ, 550ರ ಆಚೀಚೆ ಬಿದ್ದರೆ ಸಾಕು ಅನ್ನುವ ಅನಂತಪುರ ಜಿಲ್ಲೆಗೆ ಬಂದವಳು ನಾನು. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಒಂದು ಗಂಟೆ ಕುದಿದರೂ ಬೇಳೆಬೇಳೆಯಾಗಿಯೇ ತಳದಲ್ಲಿ ಕೂತಿತ್ತು. ಪಾತ್ರೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿ ಗೆರೆ. ಅತ್ತೆ ಬಂದು ಒಂದು ಚಿಟಿಕೆ ಸೋಡಾ ಹಾಕಿ, ತಟ್ಟೆ ಮುಚ್ಚಿ, 'ಒಗ್ತೈತೆ ಬಿಡು' ಅಂದರು. ಬೇಳೆಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

'ಹೊಂದಿಕೊಂಡು ಹೋಗು' ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಆ ಮಾತಿನಲ್ಲಿ ದುಡಿಯುವವಳು ನಾನೊಬ್ಬಳೇ. ಬೆಂಗಳೂರಿನ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'ಯಲ್ಲಂತೂ ದುಡಿಯಬೇಕಾದವರು ಯಾವಾಗಲೂ ಎದುರಿನವರು. 'ಒಗ್ಗು' ಹಾಗಲ್ಲ. ನನಗೆ ನೀರು ಒಗ್ಗಿತು ಅನ್ನಬಹುದು, ನೀರಿಗೆ ನಾನು ಒಗ್ಗಿದೆ ಅಂತಲೂ ಅನ್ನಬಹುದು. ಚತುರ್ಥಿ ವಿಭಕ್ತಿ ಈ ಕಡೆಯಿಂದ ಆ ಕಡೆಗೆ ಜಿಗಿಯುತ್ತದೆ, ಕ್ರಿಯಾಪದ ತಕರಾರು ಮಾಡುವುದಿಲ್ಲ. ಯಾರು ಯಾರ ಕಡೆಗೆ ಎಷ್ಟು ಸರಿದರು ಎಂಬ ಲೆಕ್ಕ ಅದಕ್ಕೆ ಬೇಕಿಲ್ಲ. ಅದರ ಬಂಧು 'ಒಗ್ಗೂಡು' ಕೂಡ ಇದೇ ಮನೆತನದ್ದು.

ಮೊದಲು ಒಗ್ಗಿದ್ದು ಉಗ್ಗಾಣಿ. ನೀರಿನಲ್ಲಿ ಅದ್ದಿ ಹಿಂಡಿದ ಮಂಡಕ್ಕಿ, ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಬಳ್ಳಾರಿಯವರು ಇದನ್ನೇ ಒಗ್ಗರಣಿ ಅನ್ನುತ್ತಾರೆ. ಒಗ್ಗುವುದಕ್ಕೂ ಒಗ್ಗರಣೆಗೂ ನಂಟು ಹಚ್ಚುವ ಆಸೆ ನನಗೂ ಆಗಿತ್ತು. ನಂಟಿಲ್ಲ, ಒಗ್ಗರಣೆ ಸಂಸ್ಕೃತದ ಕಡೆಯಿಂದ ಬಂದದ್ದು.

ಬಸ್ಸಿನ ಬೋರ್ಡು ಒಗ್ಗಲು ಹೆಚ್ಚು ದಿನ ಹಿಡಿಯಿತು. ತೆಲುಗು ಅಕ್ಷರ ಅರ್ಧ ನಮ್ಮದೇ. ತಲೆಕಟ್ಟು ಮಾತ್ರ ಮೇಷ್ಟ್ರು ಹಾಕುವ 'ಸರಿ' ಗುರುತಿನಂತೆ ಮೇಲಕ್ಕೆ ಹಾರಿರುತ್ತದೆ. 'ರಾಯದು' ತನಕ ಸಲೀಸಾಗಿ ಓದಿದೆ. ಆಮೇಲೆ ಅರ್ಕಾವೊತ್ತು ಎಲ್ಲಿ ಎಂದು ಹುಡುಕುತ್ತ ನಿಂತೆ. ಅವರು 'ರ' ಬರೆದು ಕೆಳಗೆ 'ಗ' ಒತ್ತು ಕೊಟ್ಟು, ಮುಂದೊಂದು ಸೊನ್ನೆ ಇಟ್ಟಿದ್ದರು. ರಾಯದುರ್ಗಂ ಎಂದು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮಡಕಶಿರ ಸೀಮೆಯ ಹೇಮಾವತಿಯಲ್ಲಿ ನೊಳಂಬರು ಕಲ್ಲು ಕೊರೆಸುತ್ತಿದ್ದ ಕಾಲಕ್ಕೆ ಈ ಎರಡು ಲಿಪಿಗಳು ಇನ್ನೂ ಬೇರೆ ಮನೆ ಹೂಡಿರಲಿಲ್ಲ. ಆಗ ಬಂದಿದ್ದರೆ ಬಸ್ಸು ತಪ್ಪುತ್ತಿರಲಿಲ್ಲ.

ಪಕ್ಕದ ಮನೆಯ ತೆಲುಗು ಅಕ್ಕ ಒಂದು ಬೆಳಿಗ್ಗೆ ನನ್ನ ಕೆಮ್ಮು ಕೇಳಿ, 'ನೀಳ್ಳು ಪಡಲೇದಾ ಅಮ್ಮಾ?' ಅಂದರು. ತೆಲುಗಿನ 'ಪಡು' ಅಂದರೆ ಬೀಳು ಎಂದು ಅಷ್ಟರಲ್ಲಿ ಕಲಿತಿದ್ದೆ. 'ಇಲ್ಲಕ್ಕ, ನಲ್ಲಿಯಲ್ಲಿ ಬಿತ್ತು, ಎರಡು ಬಿಂದಿಗೆ ಹಿಡಿದೆ' ಅಂದೆ. ಅವರು ಕೇಳಿದ್ದು ನೀರು ಒಗ್ಗಲಿಲ್ಲವೇ ಎಂದು. ತೆಲುಗರಿಗೆ ನೀರು 'ಪಡುತ್ತದೆ', ನಮಗೆ ಒಗ್ಗುತ್ತದೆ.

ಹಾಗಾದರೆ ತೆಲುಗಿನಲ್ಲಿ 'ಒಗ್ಗು' ಇಲ್ಲವೇ? ಇದೆ, ಬೇರೆ ಕೆಲಸಕ್ಕಿದೆ. ಮನೆಗೆ ಬರುವ ತೆಲುಗು ಪತ್ರಿಕೆಯಲ್ಲಿ ರಾಜಕಾರಣಿಗಳು ದಿನ ಬಿಟ್ಟು ದಿನ ಹೇಳುವ ಮಾತು, 'ಒತ್ತಿಳ್ಳಕು ತಲೊಗ್ಗಂ.' ಒತ್ತಡಕ್ಕೆ ಒಗ್ಗುವುದಿಲ್ಲ ಎಂದು ನಾನು ಓದಿಕೊಂಡಿದ್ದೆ. ನನ್ನ ಯಜಮಾನರು ತಿದ್ದಿದರು: ತಲೆಬಾಗುವುದಿಲ್ಲ ಎಂದರ್ಥ. ತೆಲುಗಿನಲ್ಲಿ ಕೈ ಒಗ್ಗಿದರೆ ಬೇಡಿದ ಹಾಗೆ, ಬೊಗಸೆ ಒಗ್ಗಿದರೆ ನೀರಿಗೆ ಹಿಡಿದ ಹಾಗೆ, ತಲೆ ಒಗ್ಗಿದರೆ ಶರಣಾದ ಹಾಗೆ. ನಾವು 'ಒಡ್ಡು' ಅನ್ನುವ ಕಡೆ ಅವರು 'ಒಗ್ಗು' ಅನ್ನುತ್ತಾರೆ. (ತೆಲಂಗಾಣದ ಒಗ್ಗು ಕಥೆಯ ಒಗ್ಗು ಇನ್ನೂ ಬೇರೆ, ಅದು ಡಮರು.) ಗಡಿಯ ಈ ಬದಿಯಲ್ಲಿ ಹಿತವಾಗುವುದು, ಆ ಬದಿಯಲ್ಲಿ ಮಣಿಯುವುದು. ಹೊಸದಾಗಿ ಬಂದವಳಿಗೆ ಎಷ್ಟೋ ದಿನ ಎರಡೂ ಒಂದೇ ಅನ್ನಿಸಿದ್ದುಂಟು, ಸುಳ್ಳು ಹೇಳಲಾರೆ.

ಆ ದಿನಗಳಲ್ಲಿ ಒಮ್ಮೆ ಅತ್ತೆಯ ಮುಂದೆ ಅತ್ತುಬಿಟ್ಟೆ. ಅವರು ಮುದ್ದೆ ತಿರುವುವ ಕೋಲು ಕೈಯಲ್ಲಿ ಹಿಡಿದೇ ಹೇಳಿದರು: 'ನೀನು ಬಸ್ ಹತ್ತಿ ಬಂದೆ. ನಾನು ಕುಂತಲ್ಲೇ ಬಂದೆ.' 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ ಮೈಸೂರಿಗೆ ಸೇರಿ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದಾಗ ಅವರಿಗೆ ಎಂಟು ವರ್ಷ. ಬಳ್ಳಾರಿ 50 ಕಿಲೋಮೀಟರ್ ಆಸುಪಾಸಿನಲ್ಲೇ ಇತ್ತು, ಬೇರೆ ರಾಜ್ಯವಾಗಿತ್ತು. ಹುಟ್ಟಿದ ಬೀದಿ ಬಿಟ್ಟು ಎರಡು ಬೀದಿ ಆಚೆಗೆ ಮದುವೆಯಾದ ಅತ್ತೆ ಇದುವರೆಗೆ ನಾಲ್ಕು ರಾಜಧಾನಿ ಕಂಡಿದ್ದಾರೆ: ಮದರಾಸು, ಕರ್ನೂಲು, ಹೈದರಾಬಾದು, ಅಮರಾವತಿ. ಬೆರಳು ಮಡಿಸಿ ಎಣಿಸುತ್ತಾರೆ. ಯಾವುದನ್ನೂ ಕಣ್ಣಾರೆ ನೋಡಿಲ್ಲ.

ನಾದಿನಿಯನ್ನು ಕೊಟ್ಟಿರುವುದು ಮಡಕಶಿರಕ್ಕೆ. ಪಾವಗಡದ ಮೇಲೆ ಹೋದರೆ ಆಂಧ್ರದಿಂದ ಆಂಧ್ರಕ್ಕೆ ಹೋಗಲು ನಡುವೆ ಕರ್ನಾಟಕ ದಾಟಬೇಕು. 2022ರ ಏಪ್ರಿಲ್‌ನಲ್ಲಿ ಮಡಕಶಿರ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲಾ ಕಚೇರಿ ಇನ್ನು ಪುಟ್ಟಪರ್ತಿಯಲ್ಲಿ ಎಂದು ನಾದಿನಿ ಫೋನಿನಲ್ಲಿ ಗೊಣಗಿದಾಗ ಅತ್ತೆ ಕೇಳಿದ್ದು ಇಷ್ಟೇ: 'ನೀರು ಅದೇ ತಾನೆ?'

ಇನ್ನೊಂದು ಮಾತು. ಎರಡು ಭಾಷೆ ಇಷ್ಟು ಬೆರೆತ ಮೇಲೆ ತೆಲುಗಿನ ಒಗ್ಗು ನಮ್ಮ ಕಡೆಗೂ ಹಾಯ್ದಿರಬೇಕು ಎಂಬ ಅನುಮಾನ ನನಗಿದೆ. ರಾಯದುರ್ಗ, ಮಡಕಶಿರ, ಪಾವಗಡದ ಕನ್ನಡದಲ್ಲಿ ಒಡ್ಡು ಎಂಬ ಅರ್ಥಕ್ಕೆ 'ಕೈ ಒಗ್ಗು' ಅನ್ನುವುದನ್ನು ನೀವು ಕೇಳಿದ್ದರೆ, ಊರಿನ ಹೆಸರು ಹಾಕಿ ಒಂದು ಸಾಲು ಬರೆದು ತಿಳಿಸಿ. ನನ್ನ ಕಿವಿಗಂತೂ ಇನ್ನೂ ಬಿದ್ದಿಲ್ಲ.