ಅಜ್ಜಿ ಕಥೆಯ ಅಚ್ಚಿನಲ್ಲಿ ಕೊಲೆಗಾರನ ಸಿನಿಮಾ

'ಆ ಕಡೆ ಹೋಗಬೇಡ' ಅಂತ ಕಥೆಯಲ್ಲಿ ಹೇಳಿದರೆ, ಯಾರೋ ಹೋಗಿಯೇ ಹೋಗುತ್ತಾರೆ ಅಂತ ನಮಗೆಲ್ಲ ಗೊತ್ತು. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ನೂರು ಜಾನಪದ ಕಥೆಗಳನ್ನು ಬಿಡಿಸಿ ನೋಡಿ, ಅವುಗಳಲ್ಲಿ 31 ಹೆಜ್ಜೆ, 7 ಬಗೆಯ ಪಾತ್ರ ಗುರುತಿಸಿದರು. ಬೇಡ ಎನ್ನುವುದು, ಅದನ್ನು ಮೀರುವುದು, ದುಷ್ಟ ಬರುವುದು ಶುರುವಿನ ಹೆಜ್ಜೆಗಳು.

ಸರಿಯಾಗಿ 50 ವರ್ಷಕ್ಕೆ, 1978ರಲ್ಲಿ, ಅಮೆರಿಕದ ಜಾನ್ ಕಾರ್ಪೆಂಟರ್ 'ಹ್ಯಾಲೋವೀನ್' ತೆಗೆದರು. ಕೊಲೆಗಾರ ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುವ ಇಂಥ ಸಿನಿಮಾಗಳಿಗೆ ಸ್ಲ್ಯಾಷರ್ ಅಂತ ಹೆಸರು. ಅಪ್ಪ ಕೊಟ್ಟ ಬೀಗದ ಕೈ ಇಡಲು ಲಾರೀ ಎಂಬ ಹುಡುಗಿ ಪಾಳು ಮನೆಗೆ ಹೋಗುತ್ತಾಳೆ. ಜೊತೆಗಿದ್ದ ಪುಟ್ಟ ಹುಡುಗ ಬೇಡವೆನ್ನುತ್ತಾನೆ. ಒಳಗಿನಿಂದ ಕೊಲೆಗಾರ ನೋಡುತ್ತಿರುತ್ತಾನೆ. ಪ್ರಾಪ್ ಹೇಳಿದ ಅಚ್ಚೇ ಇದು.

ಕೊನೆ ಮಾತ್ರ ಬೇರೆ. ಜಾನಪದ ನಾಯಕನಿಗೆ ಯಾರೋ ಮಂತ್ರದ ವಸ್ತು ಕೊಡುತ್ತಾರೆ, ದುಷ್ಟನಿಗೆ ಶಿಕ್ಷೆಯಾಗುತ್ತದೆ. ಲಾರೀ ಕೈಗೆ ಸಿಗುವುದು ಹೆಣಿಗೆ ಸೂಜಿ, ಬಟ್ಟೆ ತೂಗುಹಾಕುವ ತಂತಿ. ಡಾಕ್ಟರ್ ಗುಂಡು ಹಾರಿಸಿದರೂ, ಬಿದ್ದ ಜಾಗದಲ್ಲಿ ಕೊಲೆಗಾರ ಇಲ್ಲ.

ಹೀಗೆ ಕೊನೆವರೆಗೆ ಉಳಿಯುವವಳನ್ನು ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ 'ಫೈನಲ್ ಗರ್ಲ್' ಎಂದು ಕರೆದರು. ನೋಡುವ ಗಂಡುಹುಡುಗರೂ ಕೊನೆಗೆ ಅವಳ ಪರವಾಗುತ್ತಾರೆ ಎಂದರು. ಆದರೆ ಮೋಜು ಮಾಡಿದ ಹುಡುಗಿಯರು ಸಾಯುವುದನ್ನೂ ಗುರುತಿಸಿದರು.

ಈ ಅಚ್ಚು ಸಿನಿಮಾದಲ್ಲೇ ಉಳಿದಿಲ್ಲ. ಹೆಣ್ಣಿನ ಮೇಲೆ ಹಲ್ಲೆಯಾದಾಗ 'ಆ ಹೊತ್ತಲ್ಲಿ ಯಾಕೆ ಹೋಗಿದ್ದಳು?' ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಕಥೆಗೆ ಆ ಹೆಜ್ಜೆ ಬೇಕು, ಸುದ್ದಿಗೆ ಬೇಡ. ಸುದ್ದಿ ಬರೆಯುವ ನಾವು ಮೊದಲು ಕೇಳಬೇಕಾದ್ದು, ಹೊಡೆದವನು ಯಾರು ಅಂತ.