ಶಿವಪ್ಪನಾಯಕನ ಎಕ್ಸೆಲ್ ಶೀಟು

ಶಾಲೆಯಲ್ಲಿದ್ದಾಗ ಶಿಸ್ತು ಅಂದ್ರೆ ಕೈ ಕಟ್ಟಿಕೊಂಡು ಕೂರೋದು ಅಂತಷ್ಟೇ ನನಗೆ ಗೊತ್ತಿತ್ತು. ಸಮಾಜ ವಿಜ್ಞಾನದ ಪಾಠದಲ್ಲಿ 'ಶಿವಪ್ಪನಾಯಕನ ಶಿಸ್ತು' ಅಂತ ಬಂದಾಗ, ಕೆಳದಿಯ ಈ ರಾಜ ಭಾರೀ ಸ್ಟ್ರಿಕ್ಟ್ ಇದ್ದಿರಬೇಕು ಅಂದ್ಕೊಂಡೆ. ಪರೀಕ್ಷೆಯಲ್ಲೂ ಹಾಗೇ ಬರೆದು ಎರಡು ಮಾರ್ಕ್ಸ್ ಕಳ್ಕೊಂಡೆ. ಆ ಶಿಸ್ತು ಅಂದ್ರೆ ಕಂದಾಯದ ಲೆಕ್ಕ ಅಂತ ಮೇಷ್ಟ್ರು ಹೇಳಿದರು, ನಾನು ಬಾಯಿಪಾಠ ಮಾಡಿದೆ. ಅದು ಎಂಥಾ ಲೆಕ್ಕ ಅಂತ ತಲೆಗೆ ಹೋಗಿದ್ದು ಮಾತ್ರ ಇಪ್ಪತ್ತು ವರ್ಷ ಬಿಟ್ಟು, ನಮ್ಮ ಗದ್ದೆಯ ಬದುವಿನ ಮೇಲೆ ನಿಂತಾಗ.

2024ರ ನವೆಂಬರ್. ಭತ್ತದ ಕೊಯ್ಲಿಗೆ ಅಂತ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಇರೋದು ಶಿಕಾರಿಪುರ ತಾಲ್ಲೂಕಿನಲ್ಲಿ, ಅವ್ವನ ತವರು ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆ. ಅಕ್ಕಪಕ್ಕದ ತಾಲ್ಲೂಕುಗಳೇ ಆದರೂ ಮಳೆ ಬೇರೆ, ಮಣ್ಣು ಬೇರೆ. ಅಜ್ಜನ ಮನೆ ಹತ್ತಿರ ಹೋದ ಹಾಗೆ ಕಾಡು, ಅಡಿಕೆ ತೋಟ. ಈ ಕಡೆ ಬಂದ ಹಾಗೆ ಬಯಲು, ಮೆಕ್ಕೆಜೋಳ. ಆ ವರ್ಷ ಅಕ್ಟೋಬರ್ ಮಳೆಗೆ ಕೆರೆ ಕೆಳಗಿನ ನಮ್ಮ ತಗ್ಗಿನ ಗದ್ದೆಯಲ್ಲಿ ನೀರು ನಿಂತು, ಭತ್ತ ಮಲಗಿ, ತೆನೆಯಲ್ಲೇ ಮೊಳಕೆ ಬಂದಿತ್ತು. ಮೇಲಿನ ಗದ್ದೆಗಳು ಚೆನ್ನಾಗೇ ಇದ್ದವು.

ನಾನು ಇದ್ದಾಗಲೇ ಬೆಳೆ ಕಟಾವು ಪ್ರಯೋಗ ಮಾಡೋರು ಬಂದರು. ಫಸಲ್ ಬಿಮಾ ಯೋಜನೆಯ ಲೆಕ್ಕಕ್ಕೆ ಪ್ರತಿ ಪಂಚಾಯಿತಿಯಲ್ಲಿ ಕೆಲವು ಗದ್ದೆಗಳನ್ನ ಆರಿಸಿ, ಅದರಲ್ಲಿ ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಒಂದು ಚೌಕ ಗುರುತು ಮಾಡಿ, ಕೊಯ್ದು, ಬಡಿದು, ತೂಕ ಹಾಕ್ತಾರೆ. ಯಾವ ಸರ್ವೆ ನಂಬರು ಅನ್ನೋದನ್ನ ಮೊದಲೇ ಲಾಟರಿ ಎತ್ತಿದ ಹಾಗೆ ಆರಿಸಿರ್ತಾರೆ. ಬಂದಿದ್ದು ಮೇಲಿನ ಗದ್ದೆ. ಅಪ್ಪ ಬದುವಿನ ಮೇಲೆ ನಿಂತು ಎಲ್ಲಾ ನೋಡಿ, ನನ್ನ ಕಡೆ ತಿರುಗಿ ಕೇಳಿದ:

"ಮುಳುಗಿರೋದು ನಮ್ ಗದ್ದಿ. ಅವರ ಗದ್ದಿ ಯಾಕ್ ತೂಗ್ತಾರೋ ತಮ್ಮಾ?"

ನಾನು ಹುಮ್ಮಸ್ಸಿನಿಂದ ರ‍್ಯಾಂಡಮ್ ಸ್ಯಾಂಪಲ್ ವಿವರಿಸಿದೆ. ಆಫೀಸಿನಲ್ಲಿ ಹೊಸಬರಿಗೆ ಇದನ್ನೇ ಹೇಳಿಕೊಡೋದು ನನ್ನ ಕೆಲಸ: ಎಲ್ಲಾ ಗಿರಾಕಿಗಳನ್ನ ಕೇಳೋಕಾಗಲ್ಲ, ಕೆಲವರನ್ನ ಪಕ್ಷಪಾತ ಇಲ್ಲದೆ ಆರಿಸು, ಸರಾಸರಿ ತೆಗೆ, ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಜೊತೆಗೆ ಹೇಳು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕಲ್ಲ ಅಪ್ಪಾ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನ್ನದ ಗಡಿಗಿ ಒಂದೇ ಒಲಿ ಮ್ಯಾಲೆ ಇರ್ತೈತಿ. ಗದ್ದಿ ಹಂಗಿರ್ತಾವೇನು?" ಅಂದ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದಿದ್ದು ಶಿವಪ್ಪನಾಯಕನ ಹತ್ತಿರ.

ಶಿವಪ್ಪನಾಯಕ ಕೆಳದಿ ಸಂಸ್ಥಾನವನ್ನ ಆಳಿದ್ದು 1645ರಿಂದ 1660ರವರೆಗೆ, ಬಿದನೂರಿನಿಂದ, ಅಂದ್ರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ. ಅವನು ಕಂದಾಯ ಗೊತ್ತು ಮಾಡಿದ ಬಗೆಯನ್ನ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಪ್ರತಿ ಹಳ್ಳಿಯಲ್ಲೂ ಒಂದೊಂದು ಬಗೆಯ ಜಮೀನಿಗೆ ಒಂದೊಂದು ಹೊಲ ಆರಿಸಿ, ಅದನ್ನ ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಿದ. ಒಂದಲ್ಲ ಎರಡಲ್ಲ, ಸತತ ಹನ್ನೆರಡು ವರ್ಷ. ಬಿತ್ತಿದ ಬೀಜ ಎಷ್ಟು, ಬೇಸಾಯಕ್ಕೆ ತಗುಲಿದ ಖರ್ಚೆಷ್ಟು, ಬೆಳೆದಿದ್ದು ಎಷ್ಟು, ಅದರ ಬೆಲೆ ಎಷ್ಟು ಎಲ್ಲಾ ಬರೆಸಿಟ್ಟ. ಆಮೇಲೆ ಇಳುವರಿಯ ಸರಾಸರಿ, ಬೆಲೆಯ ಸರಾಸರಿ ತೆಗೆದು, ಒಟ್ಟು ಬೆಳೆಯಲ್ಲಿ ಮೂರನೇ ಒಂದು ಭಾಗ ಸರ್ಕಾರದ್ದು ಅಂತ ಗೊತ್ತು ಮಾಡಿದ. ಜಮೀನನ್ನ ಮಣ್ಣು, ನೀರು ನೋಡಿ ಐದು ದರ್ಜೆ ಮಾಡಲಾಗಿತ್ತು. ಬೀಜವರಿಯ ಲೆಕ್ಕದಲ್ಲಿ, ಖಂಡುಗಕ್ಕೆ ಇಷ್ಟು ಅಂತ ತೆರಿಗೆ. ಅದೂ ಹಳ್ಳಿಯಿಂದ ಹಳ್ಳಿಗೆ ಬೇರೆ.

ಈಗ ಇದನ್ನ ಎಕ್ಸೆಲ್ ತೆರೆದು ಕೂತವರ ಕಣ್ಣಲ್ಲಿ ನೋಡಿ. ಕಾಲಂಗಳು: ಹಳ್ಳಿ, ಜಮೀನಿನ ದರ್ಜೆ, ವರ್ಷ, ಬೀಜ, ಖರ್ಚು, ಇಳುವರಿ, ಬೆಲೆ. ಒಂದು ಹಳ್ಳಿಯಲ್ಲಿ ಐದೂ ದರ್ಜೆ ಇದ್ದರೆ ಹನ್ನೆರಡು ವರ್ಷಕ್ಕೆ 60 ಸಾಲು. ನೂರು ಹಳ್ಳಿಗೆ 6,000 ಸಾಲು. ಇವತ್ತಿನ ಲೆಕ್ಕಕ್ಕೆ ಚಿಕ್ಕ ಫೈಲೇ, ಆದರೆ ಸಾಲೊಂದಕ್ಕೆ ಒಂದು ಬೇಸಾಯ ಮಾಡಿ ತುಂಬಿಸಿದ ಫೈಲು. ಅಪ್ಪನ ಪ್ರಶ್ನೆಗೆ ಉತ್ತರ ಆ 'ದರ್ಜೆ' ಅನ್ನೋ ಕಾಲಂನಲ್ಲಿದೆ. ಗದ್ದೆಗಳು ಒಂದೇ ಗಡಿಗೆಯ ಅನ್ನ ಅಲ್ಲ ಅಂತ ಅವನಿಗೆ ಗೊತ್ತಿತ್ತು. ತಗ್ಗಿನದು ಬೇರೆ, ದಿಣ್ಣೆಯದು ಬೇರೆ, ಒಂದೊಂದು ಬಗೆಯಿಂದ ಒಂದೊಂದು ಅಗುಳು. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ಇದಕ್ಕೆ ಸ್ಟ್ರಾಟಿಫೈಡ್ ಸ್ಯಾಂಪಲಿಂಗ್ ಅಂತಾರೆ. ಹದಿನೈದು ವರ್ಷ ಆಳಿದ ರಾಜ ಹನ್ನೆರಡು ವರ್ಷದ ಡೇಟಾಕ್ಕೆ ಕಾದಿದ್ದು ನೋಡಿದರೆ, ಮೂರು ತಿಂಗಳ ಗ್ರಾಫ್ ತೋರಿಸಿ 'ಟ್ರೆಂಡ್' ಅಂತ ಹೇಳೋ ನಮಗೆ ಸ್ವಲ್ಪ ನಾಚಿಕೆ ಆಗಬೇಕು.

ಆ ಕಾಲದ ನಮ್ಮ ಕಡೆಯ ಲೆಕ್ಕ ಇರ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟುಕೊಂಡು, ಬಳಪದಲ್ಲಿ ಬರೆಯೋದು. ತಪ್ಪಾದರೆ ಒರೆಸಿ ಮತ್ತೆ ಬರೀಬಹುದು. 1979ರಲ್ಲಿ ಬಂದ, ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟು ವಿಸಿಕ್ಯಾಲ್ಕ್ ಹುಟ್ಟಿದ್ದೂ ಕರಿಹಲಗೆಯಿಂದಲೇ: ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದ್ತಿದ್ದ ಡ್ಯಾನ್ ಬ್ರಿಕ್ಲಿನ್, ಬೋರ್ಡಿನ ಮೇಲೆ ಒಂದು ಅಂಕಿ ತಿದ್ದಿದರೆ ಉಳಿದೆಲ್ಲಾ ಅಂಕಿ ತಾವೇ ಬದಲಾಗೋ ಹಾಗಿದ್ದರೆ ಅಂತ ಯೋಚಿಸಿದ್ದು. ನಮ್ಮ ಕಡತಕ್ಕೆ ಆ ಒಂದು ಗುಣ ಇರಲಿಲ್ಲ. ಈಗ ಕಡತ ಅನ್ನೋ ಪದ ತಾಲ್ಲೂಕು ಕಚೇರಿಯ ಫೈಲಿಗೆ ಉಳ್ಕೊಂಡಿದೆ.

ಹಾಗಂತ ಶಿಸ್ತನ್ನ ಹೊಗಳಿ ಮುಗಿಸೋಕೂ ಮನಸ್ಸು ಬರಲ್ಲ. ಎರಡು ಅನುಮಾನ ನನಗಿವೆ. ಒಂದು, ಅರಮನೆಯ ಹೊಲಕ್ಕೆ ಸರಿಯಾದ ಹೊತ್ತಿಗೆ ಎತ್ತು, ಆಳು, ಗೊಬ್ಬರ ಸಿಕ್ಕೇ ಸಿಕ್ಕಿರುತ್ತೆ. ಸಾಲ ಮಾಡಿ ಎತ್ತು ತಂದ ಬಡವನ ಹೊಲಕ್ಕೆ ಅದೇ ಇಳುವರಿ ಬಂತೇ? ಎರಡನೇದು ಸರಾಸರಿಯದ್ದು. ಲೆಕ್ಕ ಸುಲಭ ಆಗಲಿ ಅಂತ ಒಂದು ಗದ್ದೆ ಇಟ್ಕೊಳ್ಳೋಣ: ಹನ್ನೆರಡು ವರ್ಷದಲ್ಲಿ ಒಂಬತ್ತು ವರ್ಷ 20 ಚೀಲ, ಮೂರು ವರ್ಷ 8 ಚೀಲ. ಒಟ್ಟು 204, ಸರಾಸರಿ 17. ಮೂರನೇ ಒಂದು ಭಾಗ ಅಂದ್ರೆ ಸುಮಾರು ಐದು ಮುಕ್ಕಾಲು ಚೀಲ. ಒಳ್ಳೆ ವರ್ಷ 20ರಲ್ಲಿ ಐದು ಮುಕ್ಕಾಲು ಕೊಡೋದು ಕಷ್ಟ ಅಲ್ಲ, ಮೂರನೇ ಒಂದಕ್ಕಿಂತ ಕಡಿಮೆಯೇ. ಕೆಟ್ಟ ವರ್ಷ 8ರಲ್ಲಿ ಐದು ಮುಕ್ಕಾಲು ಕೊಟ್ಟರೆ ಉಳಿಯೋದು ಎರಡೂಕಾಲು. ಅದರಲ್ಲಿ ಮುಂದಿನ ವರ್ಷದ ಬೀಜ ತೆಗೀಬೇಕು, ಮನೆಯವರು ಉಣ್ಣಬೇಕು. ಸರ್ಕಾರಕ್ಕೆ ಹನ್ನೆರಡು ವರ್ಷ ಒಟ್ಟಿಗೆ ಕಾಣುತ್ತೆ. ರೈತ ಒಂದೊಂದೇ ವರ್ಷ ದಾಟಬೇಕು.

ಇನ್ನೊಂದು ಮಾತು. ಖರ್ಚಿನ ಕಾಲಂ ಅವನ ಲೆಕ್ಕದಲ್ಲಿತ್ತು, ಆದರೆ ಪಾಲು ಹಿಡಿದಿದ್ದು ಒಟ್ಟು ಬೆಳೆಯ ಮೇಲೆ.

ಆದರೂ ಜನ ಶಿಸ್ತನ್ನ ನೆನಪಿಟ್ಟುಕೊಂಡರು. ಯಾಕೆ ಅಂದ್ರೆ ಆಮೇಲೆ ಬಂದಿದ್ದು ಅದಕ್ಕಿಂತ ಕೆಟ್ಟದಿತ್ತು. ಮುಂದಿನ ಅರಸರ ಕಾಲದಲ್ಲಿ ದಾಸೋಹದ ಹೆಸರಲ್ಲಿ, ಇನ್ನೊಂದರ ಹೆಸರಲ್ಲಿ ಶಿಸ್ತಿನ ಮೇಲೆ ಸೇರಿಕೆಗಳು ಶುರುವಾದವು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಸೀಮೆ ಮೈಸೂರಿಗೆ ಸೇರಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬರುವ ಹೊತ್ತಿಗೆ 'ಶರತ್ತು' ಅನ್ನೋ ಪದ್ಧತಿ: ಅಮಲ್ದಾರ ತನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿ ಕೊಡ್ತೀನಿ ಅಂತ ಒಪ್ಪಿಕೊಂಡು ಬರೋದು. ಅಲ್ಲಿ ಮೊದಲು ಮೊತ್ತ, ಆಮೇಲೆ ಗದ್ದೆ. ಇದನ್ನ ಸೇಲ್ಸ್ ಟಾರ್ಗೆಟ್ ಅಂದ್ರೆ ನಮ್ಮ ಓದುಗರಿಗೆ ಬೇಗ ಅರ್ಥ ಆಗುತ್ತೆ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡಲ್ಲ ಅಂತ ಎದ್ದರು. ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡರು. ಪಠ್ಯಪುಸ್ತಕದಲ್ಲಿ ಇದು 'ನಗರ ದಂಗೆ' ಅಂತ ಒಂದು ಪ್ಯಾರಾ.

ಲೆಕ್ಕ ಎಷ್ಟೇ ಸರಿ ಇದ್ದರೂ ಅಳತೆಗೋಲು ಯಾರ ಕೈಲಿದೆ ಅನ್ನೋದು ಬೇರೆಯೇ ಪ್ರಶ್ನೆ. ರೈಸ್ ಬರೆಯೋ ಪ್ರಕಾರ ಕೆಳದಿಯವರ ಕಾಲದಲ್ಲಿ ತೋಟ ಅಳೆಯೋಕೆ ಮಾನವಾಗಿದ್ದು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನಡುಗಂಬಗಳ ನಡುವಿನ ಅಂತರ, 18 ಅಡಿ 6 ಇಂಚು. ನನಗೆ ಇದು ಬಹಳ ಇಷ್ಟವಾದ ವಿಷಯ. ಕಲ್ಲಿನ ಕಂಬ, ರಾತ್ರೋರಾತ್ರಿ ಯಾರೂ ಸರಿಸೋಕಾಗಲ್ಲ. ಅನುಮಾನ ಬಂದವನು ಹೋಗಿ ಹಗ್ಗ ಹಿಡಿದು ನೋಡಬಹುದು.

ಆದರೆ ಕೊಳಗಕ್ಕೆ ಅಂಥಾ ಕಂಬ ಇರಲಿಲ್ಲ. ಸೊರಬದ ಅಜ್ಜ ಗೇಣಿ ಗದ್ದೆ ಮಾಡ್ತಿದ್ದವನು. ಕಣದಲ್ಲಿ ಭತ್ತ ಅಳೆಯುವಾಗ ಒಡೆಯರ ಮನೆಯಿಂದ ಬರೋ ಕೊಳಗ ಒಂದು, ಅಜ್ಜನ ಮನೆಯ ಕೊಳಗ ಒಂದು. ತಗೊಳ್ಳೋವಾಗ ದೊಡ್ಡದು. ಹತ್ತು ಕೊಳಗ ಅಂತ ಬಾಯಲ್ಲಿ ಎಣಿಸಿದ್ದು ನಿಜ, ಪುಸ್ತಕದಲ್ಲಿ ಬರೆದಿದ್ದೂ ಹತ್ತೇ. ಡೇಟಾದಲ್ಲಿ ತಪ್ಪೇ ಕಾಣಲ್ಲ! ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಕಿಡಿ ಹೊತ್ತಿದ್ದು ಇದೇ ಕೊಳಗದ ಅಳತೆಯಿಂದ. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಅಜ್ಜನೂ ಏಳನೇ ನಂಬರ್ ಫಾರಂ ತುಂಬಿ, ಉಳುತ್ತಿದ್ದ ಗದ್ದೆಯನ್ನ ತನ್ನ ಹೆಸರಿಗೆ ಮಾಡ್ಕೊಂಡ. ಅವನ ಅಟ್ಟದಲ್ಲಿ ಹಳೇ ಕೊಳಗ ಇನ್ನೂ ಇದೆ, ಅವನದ್ದೇ, ಚಿಕ್ಕದು.

ಬದುವಿನ ಮೇಲೆ ನಾನು ನೋಡಿದ ಆ ಐದು ಮೀಟರ್ ಚೌಕಕ್ಕೂ ಒಂದು ಚರಿತ್ರೆ ಇದೆ. ಬಿಹಾರ–ಒರಿಸ್ಸಾ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಜಾನ್ ಹಬಾಕ್ ಅನ್ನೋರು 1920ರ ದಶಕದಲ್ಲಿ, ಗದ್ದೆಯಲ್ಲಿ ಎಲ್ಲಿ ಕೊಯ್ಯಬೇಕು ಅನ್ನೋದನ್ನ ಅಧಿಕಾರಿಯ ಕಣ್ಣಿಗೆ ಬಿಡದೆ ಲಾಟರಿಗೆ ಬಿಟ್ಟು ಭತ್ತದ ಇಳುವರಿ ಅಂದಾಜು ಮಾಡಿದರು. ಅದಕ್ಕೂ ಮೊದಲು ಅಧಿಕಾರಿ ಬದುವಿನ ಮೇಲೆ ನಿಂತು 'ಈ ಸಲ ಹತ್ತಾಣೆ ಬೆಳೆ' ಅಂತ ಅಂದಾಜು ಹೇಳ್ತಿದ್ದ. 1931ರಲ್ಲಿ ಕಲ್ಕತ್ತಾದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮಹಲನೋಬಿಸ್, ಆಮೇಲೆ ಸುಖಾತ್ಮೆ, ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿದರು. ಚೌಕ ಎಷ್ಟು ದೊಡ್ಡದಿರಬೇಕು ಅಂತ ಇಬ್ಬರಿಗೂ ಜೋರು ವಾದವೇ ನಡೆದಿತ್ತು. ವಿಮೆಯಲ್ಲಿ ಈಗ ಹಿಂದಿನ ಏಳು ವರ್ಷದಲ್ಲಿ ಒಳ್ಳೆಯ ಐದು ವರ್ಷ ಆರಿಸಿ ಸರಾಸರಿ ತೆಗೀತಾರೆ. ಪಂಚಾಯಿತಿಯ ಇಳುವರಿ ಅದರ ನಿಗದಿತ ಪಾಲಿಗಿಂತ ಕೆಳಗೆ ಬಿದ್ದರೆ ಪರಿಹಾರ. ಕೆಟ್ಟ ಎರಡು ವರ್ಷ ಬಿಟ್ಟಿರೋದು ರೈತನ ಪರವಾಗೇ ಇದೆ. ಆದರೆ ಅಳೆಯೋದು ಪಂಚಾಯಿತಿಯನ್ನ, ಅಪ್ಪನ ಗದ್ದೆಯನ್ನಲ್ಲ. ಆ ವರ್ಷ ನಮ್ಮ ಪಂಚಾಯಿತಿ ಪಾಸಾಯ್ತು, ನಮ್ಮ ಗದ್ದೆ ಫೇಲಾಯ್ತು. ಪರಿಹಾರ ಬರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ.

ಅವತ್ತು ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಅಪ್ಪ ಪ್ರತಿವರ್ಷ ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಭತ್ತದ ಚೀಲದ ಲೆಕ್ಕ ಬರೆದಿಡ್ತಾನೆ. 2012ರಿಂದ 2023ರವರೆಗೆ, ಶಿವಪ್ಪನಾಯಕನ ಹಾಗೇ ಹನ್ನೆರಡು ವರ್ಷ ತಗೊಂಡು ಟೈಪ್ ಮಾಡಿದೆ. ಆವರೇಜ್ ಫಾರ್ಮುಲಾ ಹಾಕಿದೆ. ಬಂದ ಅಂಕಿ ನೋಡಿ, ಪರವಾಗಿಲ್ವೇ, ಅಪ್ಪ ಸುಮ್ಮನೇ ಗೊಣಗ್ತಾನೆ ಅನ್ನಿಸಿತು. ಆಮೇಲೆ ಮೇಲೆ ಕೆಳಗೆ ನೋಡಿದಾಗ ಮೂರು ಸೆಲ್ ಖಾಲಿ ಇದ್ದವು. 2016, 2019, 2023.

"ಈ ಮೂರು ವರ್ಷದ್ದು ಯಾಕೆ ಬರೆದಿಲ್ಲ ಅಪ್ಪಾ?"

"ಏನ್ ಬರೀಲಿ? ಹದಿನಾರರಾಗೆ ಕೆರಿ ಬತ್ತಿತ್ತು. ಹತ್ತೊಂಬತ್ತರಾಗೆ ನೆರಿ ಬಂತು. ಮೊನ್ನಿ ಬರಗಾಲದಾಗ ನಾಟೀನ ಒಣಗಿತು. ಚೀಲ ತುಂಬಿದ್ರಲ್ವಾ ಬರಿಯೋದು?"

ಎಕ್ಸೆಲ್‌ನ ಆವರೇಜ್ ಖಾಲಿ ಸೆಲ್ಲನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಸೊನ್ನೆ ಇದ್ದರೆ ತಗೊಳ್ಳುತ್ತೆ. ಹನ್ನೆರಡಕ್ಕೆ ಭಾಗಿಸಬೇಕಾದ್ದನ್ನ ಅದು ಒಂಬತ್ತಕ್ಕೆ ಭಾಗಿಸಿತ್ತು. ಇದನ್ನ ನಾನು ಹೊಸಬರಿಗೆ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ಖಾಲಿ ಅಂದ್ರೆ ಗೊತ್ತಿಲ್ಲ ಅಂತ, ಸೊನ್ನೆ ಅಂದ್ರೆ ಬಂದಿಲ್ಲ ಅಂತ, ಎರಡೂ ಒಂದೇ ಅಲ್ಲ ಅಂತ. ಮೂರೂ ಕಡೆ ಸೊನ್ನೆ ಹಾಕಿದೆ. ಸರಾಸರಿ ಸರಿಯಾಗಿ ಕಾಲು ಭಾಗ ಇಳೀತು.

ಅಪ್ಪ ಕನ್ನಡಕ ಹಾಕ್ಕೊಂಡು ಪಕ್ಕದಲ್ಲಿ ಬಗ್ಗಿ ನೋಡ್ತಿದ್ದ.

"ಸೊನ್ನಿ ಹೆಂಗಾಕ್ಕತಿ? ಬೀಜ ಹೋತು, ಗೊಬ್ಬರ ಹೋತು, ನಾಟಿ ಆಳಿಂದು ಕೂಲಿ ಹೋತು. ಸೊನ್ನಿಗಿಂತ ಕೆಳಗಿಂದು ಬರಿಯಾಕ ಬರಲ್ಲೇನು ಇದರಾಗೆ?"

ಬರುತ್ತೆ ಅಂದೆ. ಚೀಲದ ಪಕ್ಕಕ್ಕೆ ಖರ್ಚು ಅಂತ ಒಂದು ಕಾಲಂ ಸೇರಿಸಿ, 2016ರಿಂದ ಶುರು ಮಾಡಿದೆ. ಡೈರಿಯಲ್ಲಿ ಅದ್ಯಾವುದೂ ಇರಲಿಲ್ಲ. ಅಪ್ಪ ನೆನಪಿನಿಂದಲೇ ಒಂದೊಂದಾಗಿ ಹೇಳ್ತಾ ಹೋದ. ಯಾರ ಟ್ರ್ಯಾಕ್ಟರಿಗೆ ಎಷ್ಟು ಕೊಟ್ಟಿದ್ದು, ನಾಟಿಗೆ ಎಷ್ಟು ಜನ ಬಂದಿದ್ದು, ಅವರಿಗೆ ಮಧ್ಯಾಹ್ನದ ಊಟಕ್ಕೆ ಏನು ಮಾಡಿದ್ದು ಅಂತ ಸಮೇತ.